ವಿನ್‌ಸ್ಲೋ ಹೋಮರನ ಮೀನುಗಾರ್ತಿಯರು: ಗ್ರೀಕ್ ಪ್ರಭಾವದ ಮರುಪರಿಶೀಲನೆ

ಅಮೆರಿಕದ ಕಲಾವಿದ ವಿನ್‌ಸ್ಲೋ ಹೋಮರ್ (1836–1910) 1881–82ರಲ್ಲಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಕಲ್ಲರ್‌ಕೋಟ್ಸ್ ಎಂಬ ಮೀನುಗಾರರ ಹಳ್ಳಿಯಲ್ಲಿ ನೆಲೆಸಿದ್ದ. ಅವನ ಜಲವರ್ಣದ ದಿಕ್ಕು ಅಲ್ಲಿ ಬದಲಾಯಿತೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಮತವಿಲ್ಲ. 1873ರಲ್ಲಿ ಗ್ಲೌಸ್ಟರಿನ ಕಡಲಂಚಿನ ಮಕ್ಕಳನ್ನು ಚಿತ್ರಿಸಿದ್ದವನು ಇಲ್ಲಿ ಬುಟ್ಟಿ ಹೊರುವ, ಬಲೆ ಸರಿಪಡಿಸುವ ಹೆಂಗಸರತ್ತ ತಿರುಗಿದ. ಚರ್ಚೆಯಿರುವುದು ಆ ಹೆಂಗಸರಿಗೆ ಒದಗಿದ ಶಿಲ್ಪಸದೃಶ ಗಾಂಭೀರ್ಯದ ಮೂಲ ಯಾವುದೆಂಬುದರ ಬಗ್ಗೆ.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಪಾರ್ಥೆನಾನ್ ಶಿಲ್ಪಗಳೇ ಅದರ ಮೂಲ ಎಂಬುದು ಬಹುಕಾಲದಿಂದ ಚಾಲ್ತಿಯಲ್ಲಿರುವ ವಾದ. ‘ಮೆಂಡಿಂಗ್ ದ ನೆಟ್ಸ್’ (1882) ಚಿತ್ರದ ಮಟ್ಟಿಗೆ ಇದನ್ನು ಒಪ್ಪಬಹುದು. ಅಕ್ಕಪಕ್ಕ ಕುಳಿತ ಇಬ್ಬರು ಹೆಂಗಸರು, ಹಿಂದೆ ಹೆಚ್ಚುಕಡಿಮೆ ಬರಿದಾದ ಹಿನ್ನೆಲೆ: ಉಬ್ಬುಶಿಲ್ಪದ ವಿನ್ಯಾಸ ಎದ್ದು ಕಾಣುತ್ತದೆ. ಆದರೆ ಇದೇ ವಾದವನ್ನು ‘ಇನ್‌ಸೈಡ್ ದ ಬಾರ್’ (1883) ಚಿತ್ರಕ್ಕೂ ಎಳೆದು ತರುವುದು ನನಗೆ ಒಪ್ಪಿಗೆಯಿಲ್ಲ.

ಬಟ್ಟೆಯನ್ನೇ ಗಮನಿಸೋಣ. ಪಾರ್ಥೆನಾನಿನ ಪೂರ್ವ ಮುಂಗಟ್ಟಿನ ಸ್ತ್ರೀಮೂರ್ತಿಗಳಲ್ಲಿ ತೆಳುವಾದ ವಸ್ತ್ರ ಮೈಗಂಟಿ ತೊಡೆ, ಮೊಣಕಾಲು, ಹೊಟ್ಟೆಯ ಏರಿಳಿತಗಳನ್ನು ತೋರಿಸಿಕೊಡುತ್ತದೆ. ಅಲ್ಲಿನ ಮಡಿಕೆಗಳ ಕೆಲಸವೇ ಅದು. ಹೋಮರನ ಮೀನುಗಾರ್ತಿಯ ಉಡುಪು ಇದಕ್ಕೆ ತದ್ವಿರುದ್ಧ. ಬುಟ್ಟಿ ಹಿಡಿದು ಗಾಳಿಗೆ ಎದುರಾಗಿ ನಿಂತ ಅವಳ ಏಪ್ರನ್, ಹಾಯಿಯ ಹಾಗೆ ಉಬ್ಬಿ ಮೈಯಿಂದ ದೂರ ಸರಿದಿದೆ. ದಪ್ಪ ಲಂಗ ಅಂಗಾಂಗಗಳನ್ನು ಮರೆಮಾಚುತ್ತದೆ. ಅವಳ ಘನತೆ ಅಂಗಸೌಷ್ಠವದಿಂದ ಬಂದುದಲ್ಲ. ಹೊತ್ತ ಭಾರಕ್ಕೂ ಎದುರುಗಾಳಿಗೂ ಮೈ ಕೊಟ್ಟು ನಿಂತ ನಿಲುವಿನಿಂದ ಬಂದುದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಚಿತ್ರದಲ್ಲಿ ಶಿಲ್ಪಿಯ ಪಾತ್ರ ವಹಿಸಿರುವುದು ದುಡಿಮೆಯೇ ಎನ್ನಬಯಸುತ್ತೇನೆ.

ಈ ಮಾತಿಗೆ ಮಿತಿಗಳಿವೆ. ‘ಇನ್‌ಸೈಡ್ ದ ಬಾರ್’ ರೂಪುಗೊಂಡದ್ದು ಹೋಮರ್ ಅಮೆರಿಕಕ್ಕೆ ಮರಳಿದ ಮೇಲೆ. ಆದ್ದರಿಂದ ಇದನ್ನು ಕಣ್ಣೆದುರಿನ ದೃಶ್ಯದ ನೇರ ದಾಖಲೆ ಎನ್ನಲಾಗದು. ಕಲ್ಲರ್‌ಕೋಟ್ಸ್‌ನಲ್ಲೂ ಅವನು ರೂಪದರ್ಶಿಯರನ್ನು ನಿಲ್ಲಿಸಿ ಚಿತ್ರಿಸುತ್ತಿದ್ದ. ನಿಲುವಿನ ಆಯ್ಕೆಯಲ್ಲಿ ಅವನ ಕೈವಾಡ ಇದ್ದೇ ಇದೆ. ಮ್ಯೂಸಿಯಂನಲ್ಲಿ ಪಳಗಿದ ಕಣ್ಣು ಆ ಆಯ್ಕೆಯನ್ನು ಪ್ರಭಾವಿಸಿರಬಹುದು. ಗ್ರೀಕ್ ಪ್ರಭಾವವನ್ನು ನಾನು ಪೂರ್ತಿ ತಳ್ಳಿಹಾಕುತ್ತಿಲ್ಲ. ಒಂದು ಚಿತ್ರಕ್ಕೆ ಸಲ್ಲುವ ವಿವರಣೆಯನ್ನು ಇಡೀ ಸರಣಿಗೆ ಹೊದಿಸಿದರೆ ಈ ಹೆಂಗಸರ ದುಡಿಮೆ ಮರೆಯಾಗುತ್ತದೆ ಎಂಬುದಷ್ಟೇ ನನ್ನ ಆಕ್ಷೇಪ.

ಗಾಳಿಗೆ ಉಬ್ಬಿದ ಆ ಏಪ್ರನ್ ಕಡಲತೀರದಲ್ಲಿ ಕಂಡದ್ದೋ ಸ್ಟುಡಿಯೋದಲ್ಲಿ ಕಲ್ಪಿಸಿದ್ದೋ ಎಂಬ ಪ್ರಶ್ನೆ ಉಳಿದೇ ಇದೆ. ಕಲ್ಲರ್‌ಕೋಟ್ಸ್‌ನ ರೇಖಾಚಿತ್ರಗಳನ್ನು ಈ ಜಲವರ್ಣದ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸದ ಹೊರತು ಅದು ಇತ್ಯರ್ಥವಾಗದು.