ಪ್ರಿನ್ಸ್ ಎಡ್ವರ್ಡ್ ದ್ವೀಪ: ಕೆನಡಾದ ಅತಿ ಚಿಕ್ಕ ಪ್ರಾಂತ್ಯಕ್ಕೆ ಬಂದವರೆಷ್ಟು, ಉಳಿದವರೆಷ್ಟು?

ಕೆನಡಾದಲ್ಲಿ ಪಿಆರ್, ಅಂದರೆ ಕಾಯಂ ವಾಸದ ಅನುಮತಿ ಬೇಗ ಸಿಗಬಹುದೆಂಬ ನಿರೀಕ್ಷೆಯಲ್ಲಿ ಹಲವು ಭಾರತೀಯರು ಆರಿಸಿಕೊಂಡ ಜಾಗ ಪ್ರಿನ್ಸ್ ಎಡ್ವರ್ಡ್ ದ್ವೀಪ. ಸುಮಾರು 5,660 ಚದರ ಕಿ.ಮೀ. ವಿಸ್ತೀರ್ಣದ ಇದು ದೇಶದ 10 ಪ್ರಾಂತ್ಯಗಳಲ್ಲಿ ಅತಿ ಚಿಕ್ಕದು. ರಾಜಧಾನಿ ಷಾರ್ಲೆಟ್‌ಟೌನ್. ಇಲ್ಲಿಗೆ ಜನ ಬರುವುದು ಹೊಸತಲ್ಲ. ಬಂದವರು ನಿಲ್ಲುವುದೇ ಮೊದಲಿನಿಂದಲೂ ಕಷ್ಟ.

ಮೊದಲ ನಿವಾಸಿಗಳು

ದ್ವೀಪದ ಮೂಲನಿವಾಸಿಗಳು ಮಿಗ್ಮಾ ಜನ. 1720ರಲ್ಲಿ ಫ್ರೆಂಚರು ಇಲ್ಲಿ ನೆಲೆಯೂರಿದರು. 1758ರಲ್ಲಿ ದ್ವೀಪವನ್ನು ವಶಪಡಿಸಿಕೊಂಡ ಬ್ರಿಟಿಷರು, ಅಕೇಡಿಯನ್ನರೆಂದು ಕರೆಯಲಾಗುವ ಆ ಫ್ರೆಂಚ್ ಭಾಷಿಕರನ್ನು ಹಡಗು ಹತ್ತಿಸಿ ಹೊರಗಟ್ಟಿದರು. ಎರಡು ಹಡಗುಗಳು ಅಟ್ಲಾಂಟಿಕ್‌ನಲ್ಲಿ ಮುಳುಗಿ ನೂರಾರು ಮಂದಿ ಸತ್ತರು. ತಪ್ಪಿಸಿಕೊಂಡು ಉಳಿದವರ ವಂಶಸ್ಥರು ಇಂದಿಗೂ ಅಲ್ಲಿದ್ದಾರೆ.

ಲಾಟರಿಯಲ್ಲಿ ಹಂಚಿದ ನೆಲ

1767ರಲ್ಲಿ ದ್ವೀಪವನ್ನು 67 ಭಾಗ ಮಾಡಿ, ಬಹುತೇಕ ಎಲ್ಲವನ್ನೂ ಲಂಡನ್‌ನಲ್ಲಿ ಲಾಟರಿ ಎತ್ತಿ ಹಂಚಲಾಯಿತು. ಹೆಚ್ಚಿನ ಭೂಮಾಲೀಕರು ದ್ವೀಪದತ್ತ ಸುಳಿಯಲೇ ಇಲ್ಲ. 1803ರಲ್ಲಿ ಲಾರ್ಡ್ ಸೆಲ್ಕರ್ಕ್ ಸುಮಾರು 800 ಸ್ಕಾಟಿಷ್ ಜನರನ್ನು ಕರೆತಂದರು. ನಂತರ ಐರಿಷ್ ಕುಟುಂಬಗಳೂ ಬಂದವು. ಕಾಡು ಕಡಿದು ಉತ್ತವರಲ್ಲಿ ಬಹುಪಾಲು ಜನ ಗೇಣಿದಾರರಾಗಿಯೇ ಉಳಿದರು. 1873ರಲ್ಲಿ ದ್ವೀಪ ಕೆನಡಾ ಸೇರಿತು. ಮಾಲೀಕರಿಂದ ಜಮೀನು ಕೊಳ್ಳುವ ಕಾನೂನು ಬಂದದ್ದು 1875ರಲ್ಲಿ.

ಖಾಲಿಯಾದ 80 ವರ್ಷ

1891ರ ಜನಗಣತಿಯಲ್ಲಿ ಜನಸಂಖ್ಯೆ 1,09,078. 1931ರ ಹೊತ್ತಿಗೆ ಅದು 88,038ಕ್ಕೆ ಇಳಿಯಿತು. ಮರದ ಹಡಗು ಕಟ್ಟುವ ಉದ್ಯಮ ಕುಸಿದು, ಯುವಜನರು ಕೆಲಸ ಹುಡುಕಿ ಬಾಸ್ಟನ್ ಕಡೆಗೂ ಪಶ್ಚಿಮ ಕೆನಡಾಕ್ಕೂ ಹೊರಟರು. 1891ರ ಸಂಖ್ಯೆಯನ್ನು ದ್ವೀಪ ಜನಗಣತಿಯಲ್ಲಿ ದಾಟಿದ್ದು 1971ರಲ್ಲಿ.

ಜನ ಹೊರಹೋಗುತ್ತಿದ್ದ ಕಾಲದಲ್ಲೇ ಲೆಬನಾನ್‌ನಿಂದ ಕೆಲವರು ಬಂದು ಊರೂರು ಸುತ್ತಿ ಸಾಮಾನು ಮಾರಿದರು, ಅಂಗಡಿ ಇಟ್ಟರು. ಆ ಸಮುದಾಯದ ಜೋ ಗಿಜ್ 1986ರಲ್ಲಿ ಪ್ರಾಂತ್ಯದ ಪ್ರೀಮಿಯರ್ ಆದರು. ಕೆನಡಾದ ಯಾವುದೇ ಪ್ರಾಂತ್ಯದಲ್ಲಿ ಯುರೋಪೇತರ ಮೂಲದವರೊಬ್ಬರು ಆ ಹುದ್ದೆಗೇರಿದ್ದು ಅದೇ ಮೊದಲು.

ಹೊಸ ಅಲೆ, ಹೊಸ ಕಡಿವಾಣ

ಈ ಶತಮಾನದಲ್ಲಿ ಚಿತ್ರ ಬದಲಾಯಿತು. ವೃದ್ಧರ ಸಂಖ್ಯೆ ಏರಿ ದುಡಿಯುವ ಕೈಗಳು ಸಾಲದಾದಾಗ, ಪಿಆರ್‌ಗೆ ಅಭ್ಯರ್ಥಿಗಳನ್ನು ಪ್ರಾಂತ್ಯವೇ ಹೆಸರಿಸುವ ಯೋಜನೆಯಡಿ ವಿದೇಶಿಯರನ್ನು ಕರೆಸಿಕೊಳ್ಳಲಾಯಿತು. ಚೀನಾ, ಫಿಲಿಪ್ಪೀನ್ಸ್, ಭಾರತದವರು ಹೆಚ್ಚಾಗಿ ಬಂದರು. 2016ರಲ್ಲಿ 1,42,907 ಇದ್ದ ಜನಸಂಖ್ಯೆ 2021ರಲ್ಲಿ 1,54,331ಕ್ಕೇರಿತು. ಈ ಶೇ 8ರ ಏರಿಕೆ ಆ ಅವಧಿಯಲ್ಲಿ ಎಲ್ಲ ಪ್ರಾಂತ್ಯಗಳಿಗಿಂತ ಹೆಚ್ಚು.

ಇದರ ಬೆನ್ನಲ್ಲೇ ಬಾಡಿಗೆ ಮನೆ ಸಿಗದಾಯಿತು, ವೈದ್ಯರಿಗಾಗಿ ಕಾಯುವವರ ಪಟ್ಟಿ ಉದ್ದವಾಯಿತು. 2024ರಲ್ಲಿ ಪ್ರಾಂತ್ಯ ತಾನು ಹೆಸರಿಸುವವರ ಸಂಖ್ಯೆಯನ್ನು ಕಾಲು ಭಾಗ ಕಡಿತ ಮಾಡಿ, ಆರೋಗ್ಯ, ಕಟ್ಟಡ ನಿರ್ಮಾಣ, ಮಕ್ಕಳ ಪಾಲನೆಯಂಥ ಕ್ಷೇತ್ರಗಳಿಗೆ ಆದ್ಯತೆ ನೀಡಿತು. ಅಂಗಡಿ, ಹೋಟೆಲ್‌ಗಳಲ್ಲಿ ದುಡಿಯುತ್ತಿದ್ದವರ ದಾರಿ ಕಿರಿದಾಯಿತು. ವರ್ಕ್ ಪರ್ಮಿಟ್ ಮುಗಿಯುತ್ತಿದ್ದ ಭಾರತೀಯರು ಅದೇ ಮೇ ತಿಂಗಳಲ್ಲಿ ಷಾರ್ಲೆಟ್‌ಟೌನ್‌ನಲ್ಲಿ ಧರಣಿ ಕುಳಿತು ಉಪವಾಸವನ್ನೂ ಹೂಡಿದರು. ನಿಯಮ ಬದಲಾಗುವ ಮೊದಲೇ ಬಂದವರಿಗೆ ಹಳೆಯ ನಿಯಮವೇ ಅನ್ವಯಿಸಲಿ ಎಂಬುದು ಅವರ ಬೇಡಿಕೆಯಾಗಿತ್ತು.

ಇನ್ನೊಂದೆಡೆ, ಪಿಆರ್ ಸಿಕ್ಕವರಲ್ಲೂ ಹಲವರು ಹೆಚ್ಚಿನ ಸಂಬಳ, ತಮ್ಮವರ ನಂಟು ಅರಸಿ ದೊಡ್ಡ ನಗರಗಳಿಗೆ ಹೋಗುತ್ತಾರೆ. ವಲಸಿಗರನ್ನು ಉಳಿಸಿಕೊಳ್ಳುವುದರಲ್ಲಿ ದ್ವೀಪ ಪ್ರಾಂತ್ಯಗಳ ಪೈಕಿ ಹಿಂದಿದೆ. ಉಳಿಯಬೇಕೆನ್ನುವವರಿಗೆ ಅನುಮತಿ ಸಿಗುತ್ತಿಲ್ಲ, ಅನುಮತಿ ಸಿಕ್ಕವರು ಉಳಿಯುತ್ತಿಲ್ಲ ಎಂಬುದೇ ಅದರ ಮುಂದಿರುವ ಸಮಸ್ಯೆ.