ರಟ್ಟಿನಲ್ಲಿ ದಂಡು ನಿಲ್ದಾಣ

ಮೊಮ್ಮಗನ ಮಾದರಿ ರೈಲಿಗಾಗಿ ನಮ್ಮ ದಂಡು ನಿಲ್ದಾಣವನ್ನೇ ರಟ್ಟಿನಲ್ಲಿ ಕಟ್ಟತೊಡಗಿದ ಮೇಲೆ, ಕಪ್ಪುಹಲಗೆಯ ಮೇಲೆ ನಾನು ಬರೆಯುತ್ತಿದ್ದ ಇಸವಿಗಳಿಗೆ ಅಳತೆಪಟ್ಟಿಯೂ ಜೊತೆಯಾಯಿತು. ಪೆಟ್ಟಿಗೆಯಲ್ಲಿ ಸಿದ್ಧವಾಗಿ ದೊರೆಯುವ ನಿಲ್ದಾಣಗಳು ಬಹುಮಟ್ಟಿಗೆ ಯೂರೋಪಿನವು. ಹಿಮ ಜಾರುವ ಆ ಕಡಿದಾದ ಮಾಡು ಶಿವಾಜಿನಗರದ ಪಕ್ಕದಲ್ಲಿ ಶೋಭಿಸದು.

1864ರಲ್ಲಿ ಮದ್ರಾಸ್ ರೈಲ್ವೆಯವರು ಜೋಲಾರಪೇಟೆಯಿಂದ ಹಾಕಿದ ಹಳಿ ಬಂದು ನಿಂತದ್ದು ಇಲ್ಲಿಯೇ. ಪೇಟೆಯ ಜನರಿಗಿಂತ ಮೊದಲು ದಂಡಿನ ಸೈನ್ಯಕ್ಕೆ ರೈಲು ಬೇಕಾಗಿತ್ತೆಂಬುದನ್ನು ಆ ಸ್ಥಳವೇ ಹೇಳುತ್ತದೆ. ಪೇಟೆಯ ಕಡೆಗೆ ಹಳಿ ಮುಂದುವರಿಯಲು 1880ರ ದಶಕ ಬರಬೇಕಾಯಿತು.

ನಮ್ಮ ಮಾದರಿಯ ಪ್ರಮಾಣ 1:87, ಅಂದರೆ 87 ಅಡಿ ಇಲ್ಲಿ ಒಂದೇ ಅಡಿ. ಅಂಗಡಿಯ ಹಳಿಯ ಅಗಲ 16.5 ಮಿಲಿಮೀಟರ್, ಅದು ಯೂರೋಪಿನ 1435 ಮಿಲಿಮೀಟರ್ ಹಳಿಗೆ ಸರಿಯಾದದ್ದು. ಡಾಲ್‌ಹೌಸಿಯ ಕಾಲದಲ್ಲಿ ನಮಗೆ ಗೊತ್ತುಮಾಡಿದ ಬ್ರಾಡ್‌ಗೇಜ್ ಐದೂವರೆ ಅಡಿ, ಅಂದರೆ 1676 ಮಿಲಿಮೀಟರ್. ತ್ರೈರಾಶಿ ಹಾಕಿ ನೋಡಿ, 19 ಮಿಲಿಮೀಟರನ್ನೂ ಮೀರುತ್ತದೆ. ಅಂಗಡಿಯ ಹಳಿಯನ್ನೇ ಹಾಕಿದರೆ ನಮ್ಮ ರೈಲು ಸುಮಾರು 3 ಮಿಲಿಮೀಟರಿನಷ್ಟು ಪರದೇಶಿಯಾಗುತ್ತದೆ!

ಕಟ್ಟಡಕ್ಕೂ ಅದೇ ತ್ರೈರಾಶಿ. ಒಂದು ಬಾಗಿಲಿನ ಎತ್ತರ ತಿಳಿದರೆ ಸಾಕು, ನೇರ ಎದುರಿನಿಂದ ತೆಗೆದ ಫೋಟೋದಿಂದ ಗೋಡೆ, ಕಿಟಕಿಗಳ ಅಳತೆಯೂ ಸಿಗುತ್ತದೆ. 2.1 ಮೀಟರಿನ ಬಾಗಿಲು 24 ಮಿಲಿಮೀಟರಾಗುತ್ತದೆ. ಮಿಕ್ಕದ್ದಕ್ಕೆ ರಟ್ಟು, ಬೆಂಕಿಕಡ್ಡಿ, ಪ್ಲಾಟ್‌ಫಾರ್ಮಿಗೆ ಉಪ್ಪುಕಾಗದ.

2022ರಲ್ಲಿ ನಿಲ್ದಾಣದ ಪುನರಭಿವೃದ್ಧಿಗೆ ಶಂಕುಸ್ಥಾಪನೆಯಾಯಿತು. ಅಲ್ಲಿ ಯಾರನ್ನಾದರೂ ಬೀಳ್ಕೊಡುವಾಗ ತೆಗೆದ ಹಳೆಯ ಫೋಟೋಗಳು ನಿಮ್ಮ ಮನೆಗಳಲ್ಲಿದ್ದರೆ, ಹಿಂದೆ ಕಾಣುವ ಬಾಗಿಲು ಕಿಟಕಿಗಳನ್ನು ಕತ್ತರಿಸದೆ ಕಳುಹಿಸಿಕೊಡಿ.