ಹೆಸರು ತಪ್ಪಿದ ಅಮೀಬಾ

ಅಮೀಬಾ ಎಂದೊಡನೆ ನೆನಪಾಗುವುದು ಶಾಲೆಯ ಪುಸ್ತಕದಲ್ಲಿದ್ದ ಗೊತ್ತುಗುರಿಯಿಲ್ಲದ ಆಕಾರದ ಚಿತ್ರ. ನಿಶ್ಚಿತ ಆಕಾರವೇ ಇಲ್ಲದ ಜೀವಿಯನ್ನು ಗುರುತಿಸುವುದಾದರೂ ಹೇಗೆ? ಕೆರೆ, ಕೊಳ, ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಅಮೀಬಾಗಳ ವಿಷಯದಲ್ಲಿ ವಿಜ್ಞಾನಿಗಳೂ ಎಡವಿದ್ದುಂಟು.

1965ರಲ್ಲಿ ಆಸ್ಟ್ರೇಲಿಯಾದ ಮಾಲ್ಕಮ್ ಫೌಲರ್ ಮತ್ತು ರಾಡ್ನಿ ಕಾರ್ಟರ್, ಮಿದುಳಿನ ಉರಿಯೂತದಿಂದ ಸತ್ತ ನಾಲ್ವರ ಬಗ್ಗೆ ವರದಿ ಪ್ರಕಟಿಸಿದರು. ಕಾರಣ ಬಹುಶಃ 'ಅಕಾಂತಮೀಬಾ' ಎಂಬುದು ಅವರ ಊಹೆ. ಅದಕ್ಕೆ ಆಧಾರವೂ ಇತ್ತು. 1958ರಲ್ಲಿ ಅಮೆರಿಕದ ಕ್ಲೈಡ್ ಕಲ್ಬರ್ಟ್‌ಸನ್, ಪೋಲಿಯೊ ಲಸಿಕೆಯ ಪರೀಕ್ಷೆಗೆಂದು ಬೆಳೆಸಿದ್ದ ಜೀವಕೋಶಗಳಲ್ಲಿ ಈ ಕುಲದ ಅಮೀಬಾ ಸೇರಿಕೊಂಡು ಪ್ರಯೋಗದ ಇಲಿಗಳನ್ನು ಕೊಂದದ್ದನ್ನು ಕಂಡಿದ್ದರು.

ಆದರೆ ಆಸ್ಟ್ರೇಲಿಯಾದ ಅಪರಾಧಿ ಬೇರೆಯೇ ಆಗಿತ್ತು. ಅದು ನೈಗ್ಲೇರಿಯಾ. ಆಹಾರವಿಲ್ಲದ ನೀರಿನಲ್ಲಿ ಈ ಅಮೀಬಾ ಬಾಲದಂಥ ಎಳೆಗಳನ್ನು ಮೂಡಿಸಿಕೊಂಡು ಈಜಬಲ್ಲದು. ಅಕಾಂತಮೀಬಾಗೆ ಆ ವಿದ್ಯೆ ತಿಳಿಯದು. 1970ರಲ್ಲಿ ಕಾರ್ಟರ್ ಅದಕ್ಕೆ ಸಹೋದ್ಯೋಗಿಯ ಗೌರವಾರ್ಥ 'ನೈಗ್ಲೇರಿಯಾ ಫೌಲೆರಿ' ಎಂದು ಹೆಸರಿಟ್ಟರು.

ಕುಲ ತಿಳಿದರೂ ಒಳಪ್ರಭೇದಗಳ ಗೊಂದಲ ಉಳಿಯಿತು. ಸೂಕ್ಷ್ಮದರ್ಶಕದಡಿ ಎಲ್ಲವೂ ಅವಳಿಜವಳಿ! ಅದನ್ನು ಬಿಡಿಸಿದ್ದು ವಂಶವಾಹಿಗಳ ಅಕ್ಷರ ಓದುವ ವಿದ್ಯೆ. ಈಗ ನೈಗ್ಲೇರಿಯಾದಲ್ಲಿ 40ಕ್ಕೂ ಹೆಚ್ಚು ಪ್ರಭೇದಗಳನ್ನು ಎಣಿಸಲಾಗಿದೆ; ಮನುಷ್ಯನಿಗೆ ಮಾರಕವೆಂದು ಗೊತ್ತಿರುವುದು ಫೌಲೆರಿ ಒಂದೇ.

ಇದು ಬರಿಯ ಹೆಸರಿನ ಜಗಳವಲ್ಲ. ಬೆಚ್ಚನೆಯ ನೀರಿನೊಡನೆ ಮೂಗಿನ ಮೂಲಕ ಮಿದುಳಿಗೇರುವ ಫೌಲೆರಿ ಕೆಲವೇ ದಿನಗಳಲ್ಲಿ ಜೀವ ತೆಗೆಯುತ್ತದೆ. ಅಕಾಂತಮೀಬಾ ಸಾಮಾನ್ಯವಾಗಿ ನಿಧಾನಿ. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳಿನ ಅಮೀಬಾ ಸೋಂಕು ಕಾಣಿಸಿಕೊಂಡಾಗ ವೈದ್ಯರಿಗೆ ಮೊದಲು ಬೇಕಿದ್ದುದೂ ಅದೇ ಉತ್ತರ: ಇದು ಯಾವ ಅಮೀಬಾ?